ಸಾಮ್ರಾಜ್ಯವನ್ನು ಹೊಸ್ತಿಲಾಚೆ ಬಿಟ್ಟು

ವಿಜ್ಞಾನ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಸನ್ನಿವೇಶವಿದೆ. ನೂರಾರು ಗ್ರಹಗಳನ್ನು ಗೆದ್ದು ಆಳುತ್ತಿರುವ ಒಂದು ಸಾಮ್ರಾಜ್ಯ. ಅದರ ಪಕ್ಕದಲ್ಲೇ, ತಾವಾಗಿ ಒಂದುಗೂಡಿದ ಲೋಕಗಳ ಪ್ರಜಾಪ್ರಭುತ್ವದ ಒಕ್ಕೂಟ. ಒಂದು ದಿನ ಆ ಸಾಮ್ರಾಜ್ಯಕ್ಕೆ ಒಕ್ಕೂಟದ ಸದಸ್ಯನಾಗಬೇಕು ಅನ್ನಿಸುತ್ತದೆ. ಆಗ ಏನಾಗಬೇಕು? ಚಕ್ರವರ್ತಿ ಚಕ್ರವರ್ತಿಯಾಗಿಯೇ ಉಳಿದು ಒಳಗೆ ಬರಬಹುದೇ? ಗೆದ್ದ ಗ್ರಹಗಳು ಅವನ ಸಾಮಾನಿನ ಜೊತೆಗೇ ಬರುತ್ತವೆಯೇ, ಇಲ್ಲ ಅವುಗಳನ್ನು ಬೇರೆಯಾಗಿ ಕೇಳಬೇಕೇ? ಕಥೆಗಳಲ್ಲಿ ಇದಕ್ಕೆ ಸಿಗುವ ಉತ್ತರ ಹೆಚ್ಚಾಗಿ ಸುಲಭದ್ದು: ವಿವೇಕಿಯಾದ ಹೊಸ ಮಹಾರಾಣಿ ಪಟ್ಟಕ್ಕೆ ಬರುತ್ತಾಳೆ, ಒಂದು ಸಂಧಾನ, ಒಂದು ಸಹಿ, ಕೊನೆಗೆ ಚಪ್ಪಾಳೆ.

ಇತಿಹಾಸದ ವಿದ್ಯಾರ್ಥಿಯಾದ ನನಗೆ ಈ ಪ್ರಶ್ನೆಯನ್ನು ನಕ್ಷತ್ರಗಳಿಂದ ಭೂಮಿಗೆ ಇಳಿಸಿ ನೋಡುವ ಆಸೆ. ಇದಕ್ಕೆ ತೀರಾ ಹತ್ತಿರದ ಒಂದು ಘಟನೆ ನಡೆದು ಇನ್ನೂ ಐವತ್ತು ವರ್ಷವೂ ಆಗಿಲ್ಲ. 1985ರ ಜೂನ್ 12ರಂದು ಲಿಸ್ಬನ್ ನಗರದ ಜೆರೋನಿಮೊಸ್ ಮಠದಲ್ಲಿ ಪೋರ್ಚುಗಲ್ ದೇಶ ಯುರೋಪಿಯನ್ ಸಮುದಾಯಕ್ಕೆ, ಅಂದರೆ ಇಂದಿನ ಯುರೋಪಿಯನ್ ಒಕ್ಕೂಟಕ್ಕೆ, ಸೇರುವ ಒಪ್ಪಂದಕ್ಕೆ ಸಹಿ ಹಾಕಿತು. ಜಾಗದ ಆಯ್ಕೆಯನ್ನು ಗಮನಿಸಿ. ಹದಿನಾರನೇ ಶತಮಾನದ ಆರಂಭದಲ್ಲಿ, ಪೂರ್ವದೇಶಗಳ ಮಸಾಲೆ ವ್ಯಾಪಾರದ ಮೇಲೆ ಹಾಕಿದ ಸುಂಕದ ಹಣದಲ್ಲಿ ಎದ್ದ ಮಠ ಅದು. ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನ ಸಮಾಧಿ ಇರುವುದು ಅದರ ಚರ್ಚಿನಲ್ಲೇ. ಸಾಮ್ರಾಜ್ಯ ಹುಟ್ಟಿದ ನೆನಪಿಗೆ ಕಟ್ಟಿದ ಕಟ್ಟಡದಲ್ಲೇ ಆ ದೇಶ ಇತರ ದೇಶಗಳಿಗೆ ಸಮನಾದ ಒಂದು ಸಾಧಾರಣ ಸದಸ್ಯನಾಗಲು ಒಪ್ಪಿಕೊಂಡಿತು. ಆ ಮಠದ ಕಲ್ಲುಗಳಲ್ಲಿ ನಮ್ಮ ಕರಾವಳಿಯ ಪಾಲೂ ಇದೆ ಎಂದರೆ ತಪ್ಪಾಗದು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು, ಉಳ್ಳಾಲದ ಅಬ್ಬಕ್ಕ ಅವರ ವಿರುದ್ಧ ಹೋರಾಡಿದಳು. ಅವರಿಬ್ಬರ ಕಾಲದ ಹೊತ್ತಿಗಾಗಲೇ ಗೋವಾ ಪೋರ್ಚುಗೀಸರ ಕೈಸೇರಿ ದಶಕಗಳು ಕಳೆದಿದ್ದವು.

1510ರಲ್ಲಿ ಗೋವಾ ಗೆದ್ದ ಸಾಮ್ರಾಜ್ಯ 1986ರಲ್ಲಿ ಪ್ರಜಾಪ್ರಭುತ್ವಗಳ ಕೂಟದ ಸದಸ್ಯನಾದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಆ ಒಪ್ಪಂದದ ಪುಟಗಳಲ್ಲಿ ಸಿಗುವುದಿಲ್ಲ. ಅದಕ್ಕಿಂತ ಹಿಂದಿನ ಇಪ್ಪತ್ತೈದು ವರ್ಷಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ನಡೆಯಿತು ಎಂಬ ಅನುಕ್ರಮದಲ್ಲಿ ಸಿಗುತ್ತದೆ.

ಮೊದಲು ಒಂದು ನಕ್ಷೆಯ ಮಾತು. 1934ರಲ್ಲಿ ಪೋರ್ತೊ ನಗರದಲ್ಲಿ ಒಂದು ದೊಡ್ಡ ವಸಾಹತು ಪ್ರದರ್ಶನ ನಡೆಯಿತು. ಅದರ ರೂವಾರಿ ಹೆನ್ರಿಕ್ ಗಾಲ್ವಾವ್ ಎಂಬ ಸೇನಾಧಿಕಾರಿ ತಯಾರಿಸಿದ ನಕ್ಷೆಯೊಂದು ಮುಂದೆ ಶಾಲೆಗಳ ಗೋಡೆಗಳನ್ನೂ ಸೇರಿತು. ಯುರೋಪಿನ ಭೂಪಟದ ಮೇಲೆ ಅಂಗೋಲಾ, ಮೊಜಾಂಬಿಕ್‌ಗಳ ಆಕೃತಿಯನ್ನು ಹೊದಿಸಿದ್ದ ನಕ್ಷೆ ಅದು. ಅದರ ಶೀರ್ಷಿಕೆ ‘ಪೋರ್ಚುಗಲ್ ಚಿಕ್ಕ ದೇಶವಲ್ಲ’. ಸುಮಾರು 92 ಸಾವಿರ ಚದರ ಕಿಲೋಮೀಟರಿನ, ಅಂದರೆ ನಮ್ಮ ಕರ್ನಾಟಕದ ಅರ್ಧದಷ್ಟೂ ಇಲ್ಲದ ದೇಶ, ಗೆದ್ದ ನೆಲವನ್ನೆಲ್ಲ ಸೇರಿಸಿಕೊಂಡು ಯುರೋಪಿನ ಉದ್ದಗಲಕ್ಕೆ ಚಾಚಿಕೊಂಡಂತೆ ಕಾಣುತ್ತಿತ್ತು. ಆಗ ದೇಶವನ್ನು ಆಳುತ್ತಿದ್ದವನು ಸಲಾಜಾರ್. ಅರ್ಥಶಾಸ್ತ್ರದ ಪ್ರಾಧ್ಯಾಪಕನಾಗಿದ್ದು 1932ರಲ್ಲಿ ಪ್ರಧಾನಿಯಾದವನು. ಪತ್ರಿಕೆಗಳ ಮೇಲೆ ಸೆನ್ಸಾರ್, ಬೀದಿಯಲ್ಲಿ ಗುಪ್ತ ಪೊಲೀಸ್, ಫಲಿತಾಂಶ ಮೊದಲೇ ಗೊತ್ತಿರುವ ಚುನಾವಣೆ ಅವನ ಆಡಳಿತದ ಗುರುತುಗಳು.

ಎರಡನೇ ಮಹಾಯುದ್ಧದ ನಂತರ ವಸಾಹತು ಎಂಬ ಪದಕ್ಕೇ ಮರ್ಯಾದೆ ಹೋಯಿತು. ಸಲಾಜಾರ್ ಇದಕ್ಕೆ ಕಂಡುಕೊಂಡ ಪರಿಹಾರ ಹೆಸರು ಬದಲಾಯಿಸುವುದು. 1951ರಲ್ಲಿ ಸಂವಿಧಾನ ತಿದ್ದಿ ವಸಾಹತುಗಳನ್ನೆಲ್ಲ ‘ಸಾಗರದಾಚೆಯ ಪ್ರಾಂತಗಳು’ ಎಂದು ಕರೆಯಲಾಯಿತು. 1955ರಲ್ಲಿ ಪೋರ್ಚುಗಲ್ ವಿಶ್ವಸಂಸ್ಥೆಗೆ ಸೇರಿದಾಗ, ನಿಮ್ಮ ವಸಾಹತುಗಳ ಬಗ್ಗೆ ವರದಿ ಕೊಡಿ ಎಂಬ ಪ್ರಶ್ನೆ ಬಂತು. ನಮ್ಮಲ್ಲಿ ವಸಾಹತುಗಳೇ ಇಲ್ಲ, ಇರುವುದೆಲ್ಲ ಪ್ರಾಂತಗಳು ಎಂಬುದು ಅದರ ಉತ್ತರ. ಆದರೆ ಆ ‘ಪ್ರಾಂತ’ಗಳಾದ ಅಂಗೋಲಾ, ಮೊಜಾಂಬಿಕ್, ಗಿನಿಗಳ ಬಹುತೇಕ ಆಫ್ರಿಕನ್ನರು 1961ರವರೆಗೂ ಕಾನೂನಿನ ಪ್ರಕಾರ ಪ್ರಜೆಗಳಲ್ಲ, ‘ಮೂಲನಿವಾಸಿಗಳು’ ಮಾತ್ರ. ಅವರನ್ನು ಬಲವಂತದ ದುಡಿಮೆಗೆ ಹಚ್ಚಬಹುದಿತ್ತು. ಇದನ್ನು ಬಯಲು ಮಾಡಿದವರಲ್ಲಿ ನಕ್ಷೆಯ ಗಾಲ್ವಾವ್ ಕೂಡ ಒಬ್ಬ ಎಂಬುದು ಇತಿಹಾಸದ ವಿಚಿತ್ರ. ಅಂಗೋಲಾದ ದುಡಿಮೆಗಾರರ ಸ್ಥಿತಿಯ ಬಗ್ಗೆ 1947ರಲ್ಲಿ ಅವನು ಕೊಟ್ಟ ವರದಿ ಸರ್ಕಾರಕ್ಕೆ ನುಂಗಲಾರದ ತುತ್ತಾಯಿತು. ಮುಂದೆ ಅವನು ಸಲಾಜಾರನ ವಿರೋಧಿಯಾಗಿ ಜೈಲು ಸೇರಿದ. ಕೊನೆಗೆ 1960ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಂದು ನಿರ್ಣಯದಲ್ಲಿ ಪೋರ್ಚುಗಲ್‌ನ ‘ಪ್ರಾಂತ’ಗಳನ್ನು ಒಂದೊಂದಾಗಿ ಹೆಸರಿಸಿ, ಇವು ಸ್ವಯಮಾಡಳಿತವಿಲ್ಲದ ಪ್ರದೇಶಗಳು ಎಂದು ಸಾರಿತು. ಆ ಪಟ್ಟಿಯಲ್ಲಿ ಗೋವಾವೂ ಇತ್ತು.

ಈಗ ಒಕ್ಕೂಟದ ಬಾಗಿಲಿಗೆ ಬರೋಣ. ಆ ಕಾಲದಲ್ಲಿ ಪಶ್ಚಿಮ ಯುರೋಪಿನಲ್ಲಿ ಬಾಗಿಲು ಒಂದೇ ಇರಲಿಲ್ಲ. 1949ರಲ್ಲಿ ನೇಟೊ ಸೇನಾಕೂಟ ಹುಟ್ಟಿದಾಗ ಪೋರ್ಚುಗಲ್ ಅದರ ಸ್ಥಾಪಕ ಸದಸ್ಯ. ಅಜೋರ್ಸ್ ದ್ವೀಪಗಳಲ್ಲಿ ವಿಮಾನ ಇಳಿಸಲು ಜಾಗ ಬೇಕಿದ್ದವರು ಸರ್ವಾಧಿಕಾರದ ಬಗ್ಗೆ ತಲೆಕೆಡಿಸಿಕೊಳ್ಳಲಿಲ್ಲ. 1960ರಲ್ಲಿ ಬ್ರಿಟನ್ನಿನ ಮುಂದಾಳತ್ವದಲ್ಲಿ ಮುಕ್ತ ವ್ಯಾಪಾರದ ಕೂಟ ಹುಟ್ಟಿದಾಗಲೂ ಪೋರ್ಚುಗಲ್ ಸ್ಥಾಪಕ ಸದಸ್ಯನೇ. ವ್ಯಾಪಾರಕ್ಕೂ ಯುದ್ಧಕ್ಕೂ ಜೊತೆಯಾಗುವವರು, ನಿಮ್ಮ ಮನೆಯಲ್ಲಿ ಯಾರು ಆಳುತ್ತಾರೆ ಎಂದು ಕೇಳುವುದಿಲ್ಲ. ಆ ಪ್ರಶ್ನೆ ಎದ್ದದ್ದು ಮೂರನೇ ಬಾಗಿಲಲ್ಲಿ. 1957ರಲ್ಲಿ ಆರು ದೇಶಗಳು ಸೇರಿ ಕಟ್ಟಿದ ಆರ್ಥಿಕ ಸಮುದಾಯ ಬರೀ ಸಂತೆಯಲ್ಲ, ಮುಂದೆ ರಾಜಕೀಯ ಒಕ್ಕೂಟವಾಗಬೇಕಾದದ್ದು ಎಂಬ ಭಾವನೆ ಅದರೊಳಗೆ ಬಲವಾಗಿತ್ತು. 1962ರ ಜನವರಿಯಲ್ಲಿ ಅದರ ಸಂಸದೀಯ ಸಭೆಯಲ್ಲಿ ಬಿರ್ಕೆಲ್‌ಬಾಕ್ ಎಂಬ ಜರ್ಮನ್ ಸಂಸದ ಮಂಡಿಸಿದ ವರದಿ ಒಂದು ಗೆರೆ ಎಳೆಯಿತು: ತಮ್ಮ ನೆಲದಲ್ಲಿ ನಿಜವಾದ ಪ್ರಜಾಪ್ರಭುತ್ವದ ನಡವಳಿಕೆ, ಮೂಲಭೂತ ಹಕ್ಕು ಮತ್ತು ಸ್ವಾತಂತ್ರ್ಯಗಳನ್ನು ಕಾಪಾಡುವ ದೇಶಗಳು ಮಾತ್ರ ಸದಸ್ಯರಾಗಬಹುದು. ಸಲಾಜಾರನ ಪೋರ್ಚುಗಲ್ ಆಗಲಿ ಫ್ರಾಂಕೋನ ಸ್ಪೇನ್ ಆಗಲಿ ಆ ಗೆರೆ ದಾಟುವಂತಿರಲಿಲ್ಲ.

ಇಲ್ಲಿ ಒಂದು ಕಹಿ ಸಂಗತಿಯನ್ನೂ ಹೇಳಲೇಬೇಕು. ಗೆರೆ ಎಳೆದವರ ಕೈಗಳೂ ಶುಭ್ರವಾಗಿರಲಿಲ್ಲ. 1957ರಲ್ಲಿ ರೋಮ್ ಒಪ್ಪಂದಕ್ಕೆ ಸಹಿ ಬೀಳುತ್ತಿದ್ದ ದಿನಗಳಲ್ಲೇ ಫ್ರಾನ್ಸಿನ ಸೇನೆ ಅಲ್ಜೀರಿಯಾದಲ್ಲಿ ಸ್ವಾತಂತ್ರ್ಯ ಕೇಳಿದವರನ್ನು ಚಿತ್ರಹಿಂಸೆಗೆ ಗುರಿಮಾಡುತ್ತಿತ್ತು. ಆ ಒಪ್ಪಂದದಲ್ಲಿ ಅಲ್ಜೀರಿಯಾದ ಹೆಸರೂ ಇದೆ, ಫ್ರಾನ್ಸಿನ ಭಾಗವಾಗಿ. ಕಾಂಗೊ ಆಗಿನ್ನೂ ಬೆಲ್ಜಿಯಂ ಕೈಯಲ್ಲಿತ್ತು. ಅಂದರೆ ಒಕ್ಕೂಟದ ಪ್ರಶ್ನೆ ‘ನೀನು ಯಾರನ್ನು ಗೆದ್ದಿದ್ದೀಯ’ ಎಂಬುದಾಗಿರಲಿಲ್ಲ. ‘ನಿನ್ನ ಸ್ವಂತ ಜನರಿಗೆ ನಿನ್ನನ್ನು ಇಳಿಸುವ ಅಧಿಕಾರ ಇದೆಯೇ’ ಎಂಬುದಷ್ಟೇ ಆಗಿತ್ತು. ಒಕ್ಕೂಟ ಕಾಲಕ್ರಮದಲ್ಲಿ ಸಾಮ್ರಾಜ್ಯಗಳಿಲ್ಲದ ಕೂಟವಾಯಿತು ನಿಜ. ಆದರೆ ಆ ಕೆಲಸ ಮಾಡಿದ್ದು ಒಕ್ಕೂಟದ ನಿಯಮಾವಳಿಯಲ್ಲ; ಅಲ್ಜೀರಿಯಾದವರು, ಕಾಂಗೊದವರು, ಇಂಡೊನೇಷ್ಯಾದವರು.

ಹಾಗಾದರೆ ಪೋರ್ಚುಗಲ್ ಮನೆಯಲ್ಲಿ ಚುನಾವಣೆ ನಡೆಸಿ, ಹೊರಗೆ ಸಾಮ್ರಾಜ್ಯವನ್ನೂ ಇಟ್ಟುಕೊಂಡು ಒಳಗೆ ಬರಬಹುದಿತ್ತಲ್ಲವೇ? ನನ್ನ ಮಟ್ಟಿಗೆ ಈ ಕಥೆಯ ಕೀಲಿ ಇರುವುದು ಇಲ್ಲೇ. ಬರಲು ಆಗುತ್ತಿರಲಿಲ್ಲ. ಏಕೆಂದರೆ ಅಷ್ಟು ಬಡದೇಶ ಅಷ್ಟು ದೊಡ್ಡ ಸಾಮ್ರಾಜ್ಯವನ್ನು ಹಿಡಿದಿಟ್ಟುಕೊಳ್ಳಬೇಕಾದರೆ ತನ್ನ ಜನರ ಬಾಯಿಯನ್ನೂ ಕಟ್ಟಬೇಕಿತ್ತು. ಅಂಗೋಲಾದಲ್ಲಿ ಮಾತಾಡುವವರನ್ನು ಸುಮ್ಮನಾಗಿಸುತ್ತಿದ್ದ ಗುಪ್ತ ಪೊಲೀಸ್ ಪಡೆಯೇ ಲಿಸ್ಬನ್ನಿನಲ್ಲೂ ಮಾತಾಡುವವರನ್ನು ಸುಮ್ಮನಾಗಿಸುತ್ತಿತ್ತು.

ಇದು ಮೊದಲು ಬಯಲಾದದ್ದು ನಮ್ಮ ನೆರೆಯಲ್ಲೇ. 1961ರ ಡಿಸೆಂಬರಿನಲ್ಲಿ ಬೆಳಗಾವಿಯ ಸುತ್ತಮುತ್ತ ಜಮಾಯಿಸಿದ್ದ ಭಾರತೀಯ ಸೇನೆ ಗೋವಾದೊಳಕ್ಕೆ ಹೊರಟಿತು. ಕಾರವಾರದ ದಡದಿಂದ ಕಾಣುವ ಅಂಜದೀವ್ ದ್ವೀಪದಲ್ಲಿ ನೌಕಾಪಡೆಯ ಏಳು ಜನ ಪ್ರಾಣ ಕೊಟ್ಟರು. ಗೋವಾದಲ್ಲಿದ್ದ ಪೋರ್ಚುಗೀಸ್ ಸೈನಿಕರು ಮೂರು ಸಾವಿರದ ಚಿಲ್ಲರೆ. ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾನಿಗೆ ಸಲಾಜಾರ್ ಕಳಿಸಿದ್ದ ಆಜ್ಞೆಯ ಸಾರಾಂಶ ಗೆಲ್ಲಿ, ಇಲ್ಲವೇ ಸಾಯಿರಿ ಎಂಬುದು. ಅವನು ಎರಡನ್ನೂ ಮಾಡದೆ ಡಿಸೆಂಬರ್ 19ರಂದು ಶರಣಾದ. ತನ್ನ ಸೈನಿಕರ ಜೀವ ಉಳಿಸಿದ್ದಕ್ಕೆ ಅವನಿಗೆ ಸಿಕ್ಕ ಬಹುಮಾನ ಸೇನೆಯಿಂದ ವಜಾ. ಅಷ್ಟಕ್ಕೇ ಮುಗಿಯಲಿಲ್ಲ. ಗೋವಾ ಹೋದದ್ದನ್ನು ಲಿಸ್ಬನ್ ಒಪ್ಪಲೇ ಇಲ್ಲ. 1974ರವರೆಗೂ ಅಲ್ಲಿನ ಸಂಸತ್ತಿನಲ್ಲಿ ಗೋವಾಕ್ಕೆ ಪ್ರಾತಿನಿಧ್ಯವಿತ್ತು. ಇಲ್ಲದ ನೆಲಕ್ಕೆ ಪ್ರತಿನಿಧಿಗಳು. ಇರುವ ಜನಕ್ಕೆ ಮತವಿಲ್ಲ.

ಅದೇ 1961ರಲ್ಲಿ ಅಂಗೋಲಾದಲ್ಲಿ ದಂಗೆ ಎದ್ದಿತು. 1963ರಲ್ಲಿ ಗಿನಿ, 1964ರಲ್ಲಿ ಮೊಜಾಂಬಿಕ್. ಮೂರು ರಂಗಗಳಲ್ಲಿ ಹದಿಮೂರು ವರ್ಷ ನಡೆದ ಯುದ್ಧ ದೇಶದ ಬಜೆಟ್ಟಿನ ದೊಡ್ಡ ಪಾಲನ್ನು ನುಂಗಿತು. ಎಂಟು ಸಾವಿರಕ್ಕೂ ಹೆಚ್ಚು ಪೋರ್ಚುಗೀಸ್ ಸೈನಿಕರು ಸತ್ತರು. ಸತ್ತ ಆಫ್ರಿಕನ್ನರ ಸಂಖ್ಯೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಳ್ಳಿಯ ತಾಯಂದಿರಿಗೆ ಮಗ ಹದಿನೆಂಟಾದನೆಂದರೆ ಭಯ. ಬಡತನಕ್ಕೂ ಸೇನೆಯ ಕರೆಗೂ ಹೆದರಿದ ಜನ ಗಡಿ ದಾಟತೊಡಗಿದರು. 1960ರಿಂದ 1974ರ ನಡುವೆ ದೇಶ ಬಿಟ್ಟವರು ಹತ್ತು ಲಕ್ಷಕ್ಕೂ ಹೆಚ್ಚು. ದೇಶದ ಜನಸಂಖ್ಯೆಯೇ ಆಗ ತೊಂಬತ್ತು ಲಕ್ಷದ ಆಸುಪಾಸು. ಅವರಲ್ಲಿ ಎಷ್ಟೋ ಜನ ಕಳ್ಳದಾರಿಯಲ್ಲಿ ಪಿರೆನೀಸ್ ಬೆಟ್ಟ ಹತ್ತಿಳಿದು ಫ್ರಾನ್ಸ್ ಸೇರಿ, ಪ್ಯಾರಿಸ್ಸಿನ ಅಂಚಿನ ಜೋಪಡಿಗಳಲ್ಲಿದ್ದುಕೊಂಡು ಕಟ್ಟಡ ಕಟ್ಟುವ ಕೆಲಸ ಮಾಡಿದರು. ಲಿಸ್ಬನ್ನಿನ ಮಂತ್ರಿಗಳು ನಮ್ಮ ಹಣೆಬರಹ ಇರುವುದು ಆಫ್ರಿಕಾದಲ್ಲಿ ಎಂದು ಭಾಷಣ ಮಾಡುತ್ತಿದ್ದಾಗ, ಅವರ ರೈತರ ಮಕ್ಕಳು ಕಾಲ್ನಡಿಗೆಯಲ್ಲೇ ಯುರೋಪಿಗೆ ಸೇರಿಯಾಗಿತ್ತು. ರಾಜ್ಯಕ್ಕಿಂತ ಕಾಲು ಶತಮಾನ ಮೊದಲೇ.

ಗಿನಿಯ ಹೋರಾಟದ ನಾಯಕ ಅಮಿಲ್ಕಾರ್ ಕಾಬ್ರಾಲ್ ಲಿಸ್ಬನ್ನಿನಲ್ಲೇ ಕೃಷಿವಿಜ್ಞಾನ ಓದಿದವನು. ನಮ್ಮ ಹೋರಾಟ ಪೋರ್ಚುಗೀಸ್ ಜನರ ವಿರುದ್ಧವಲ್ಲ, ವಸಾಹತುಶಾಹಿಯ ವಿರುದ್ಧ ಎಂಬ ನಿಲುವನ್ನು ಅವನು ಕೊನೆಯವರೆಗೂ ಬಿಡಲಿಲ್ಲ. 1973ರ ಜನವರಿಯಲ್ಲಿ ಅವನ ಕೊಲೆಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವನ ಪಕ್ಷ ಗಿನಿ-ಬಿಸಾವ್ ಸ್ವತಂತ್ರ ಎಂದು ಘೋಷಿಸಿತು. ಆ ಕಾಡುಗಳಲ್ಲಿ, ಗೆಲ್ಲಲಾಗದ ಯುದ್ಧದಲ್ಲಿ ಸವೆದ ಕ್ಯಾಪ್ಟನ್ ದರ್ಜೆಯ ಯುವ ಅಧಿಕಾರಿಗಳೇ ಗುಟ್ಟಾಗಿ ಸೇರಿ 1974ರ ಏಪ್ರಿಲ್ 25ರಂದು ಲಿಸ್ಬನ್ನಿನ ಬೀದಿಗಳಿಗೆ ಟ್ಯಾಂಕ್ ತಂದರು. ಸಲಾಜಾರ್ ಸತ್ತು ನಾಲ್ಕು ವರ್ಷವಾಗಿತ್ತು. ಅವನ ಉತ್ತರಾಧಿಕಾರಿ ಕೈತಾನೊ ಸಂಜೆಯ ಹೊತ್ತಿಗೆ ಶರಣಾದ. ಜನ ಸೈನಿಕರ ಬಂದೂಕಿನ ನಳಿಗೆಗೆ ಕೆಂಪು ಕಾರ್ನೇಷನ್ ಹೂ ಸಿಕ್ಕಿಸಿದರು. 48 ವರ್ಷಗಳ ಸರ್ವಾಧಿಕಾರ ಹೀಗೆ ಕೊನೆಯಾಯಿತು.

ಹೂವಿನ ಚಿತ್ರ ಎಷ್ಟು ಚೆಂದವೆಂದರೆ, ಅದರ ಬೇರು ಆಫ್ರಿಕಾದಲ್ಲಿದೆ ಎಂಬುದು ಮರೆತುಹೋಗುತ್ತದೆ. ಪೋರ್ಚುಗಲ್ಲಿಗೆ ಪ್ರಜಾಪ್ರಭುತ್ವ ತಂದುಕೊಟ್ಟವರಲ್ಲಿ ಅದು ಗೆದ್ದಿಟ್ಟುಕೊಂಡಿದ್ದ ಜನರೂ ಸೇರಿದ್ದಾರೆ. ಅವರು ಸೋಲಲು ಒಪ್ಪದೇ ಇದ್ದದ್ದರಿಂದ ಗೆದ್ದವರಿಗೆ ಬಿಡುಗಡೆಯಾಯಿತು.

ಕ್ರಾಂತಿಯ ಮರುದಿನ ಅಧ್ಯಕ್ಷನಾಗಲು ಮುಂದೆ ಬಂದ ಜನರಲ್ ಸ್ಪಿನೋಲಾ ಮನಸ್ಸಿನಲ್ಲಿದ್ದದ್ದು ಬೇರೆ. ಯುದ್ಧದಿಂದ ಗೆಲ್ಲಲಾಗದು ಎಂದು ಒಂದೆರಡು ತಿಂಗಳ ಹಿಂದಷ್ಟೇ ಪುಸ್ತಕ ಬರೆದಿದ್ದ ಅವನ ಸಲಹೆ, ಸಾಮ್ರಾಜ್ಯವನ್ನೇ ಪೋರ್ಚುಗೀಸ್ ಮಾತಾಡುವ ನಾಡುಗಳ ಒಂದು ಒಕ್ಕೂಟವಾಗಿ ಮಾರ್ಪಡಿಸೋಣ ಎಂಬುದು. ಕೇಳಲು ಉದಾರವಾದ ಮಾತು. ಆದರೆ ಒಕ್ಕೂಟ ಎಂಬುದು ಬೇಡ ಎನ್ನುವ ಹಕ್ಕಿನಿಂದ ಶುರುವಾಗಬೇಕು. ಬೇಡ ಎನ್ನಲು ಅವಕಾಶವಿಲ್ಲದ ಒಕ್ಕೂಟ 1951ರ ‘ಪ್ರಾಂತ’ದ ಹಾಗೆ ಇನ್ನೊಂದು ಹೆಸರು ಮಾತ್ರ. ಆಫ್ರಿಕಾದ ಚಳವಳಿಗಳು ಒಪ್ಪಲಿಲ್ಲ, ಕ್ಯಾಪ್ಟನ್ನರೂ ಒಪ್ಪಲಿಲ್ಲ. 1974ರ ಜುಲೈ 27ರಂದು, ವಸಾಹತುಗಳಿಗೆ ಸ್ವಾತಂತ್ರ್ಯವೂ ಸೇರಿದಂತೆ ಸ್ವಯಂನಿರ್ಣಯದ ಹಕ್ಕಿದೆ ಎಂಬ ಕಾನೂನನ್ನು ಸ್ಪಿನೋಲಾನೇ ಸಾರಬೇಕಾಯಿತು.

ಮುಂದಿನ ದಿನಾಂಕಗಳನ್ನು ಸಾಲಾಗಿ ಓದಿ. 1974ರ ಸೆಪ್ಟೆಂಬರಿನಲ್ಲಿ ಗಿನಿ-ಬಿಸಾವ್‌ಗೆ ಮಾನ್ಯತೆ. ಡಿಸೆಂಬರ್ 31ರಂದು ಹೊಸದಿಲ್ಲಿಯಲ್ಲಿ ಭಾರತದೊಡನೆ ಒಪ್ಪಂದ. ಗೋವಾ, ದಮನ್, ದಿಯು, ದಾದ್ರಾ ಮತ್ತು ನಗರ್ ಹವೇಲಿಗಳ ಮೇಲೆ ಭಾರತದ ಸಾರ್ವಭೌಮತ್ವವನ್ನು ಪೋರ್ಚುಗಲ್ ಕಡೆಗೂ ಒಪ್ಪಿಕೊಂಡಿತು. 1975ರ ಏಪ್ರಿಲ್ 25ರಂದು ಸಂವಿಧಾನ ಸಭೆಗೆ ಚುನಾವಣೆ. ಶೇಕಡಾ 90ಕ್ಕೂ ಹೆಚ್ಚು ಜನ ಸರದಿಯಲ್ಲಿ ನಿಂತು ಮತ ಹಾಕಿದರು. ಜೂನ್‌ನಲ್ಲಿ ಮೊಜಾಂಬಿಕ್, ಜುಲೈನಲ್ಲಿ ಕೇಪ್ ವರ್ದೆ ಮತ್ತು ಸಾವೊ ಟೊಮೆ, ನವೆಂಬರಿನಲ್ಲಿ ಅಂಗೋಲಾ ಸ್ವತಂತ್ರ. 1976ರ ಏಪ್ರಿಲ್‌ನಲ್ಲಿ ಹೊಸ ಸಂವಿಧಾನ. ಇಷ್ಟೆಲ್ಲ ಆದಮೇಲೆ, 1977ರ ಮಾರ್ಚ್ 28ರಂದು ಸದಸ್ಯತ್ವದ ಅರ್ಜಿ. ಕಳಚಿದ್ದು ಮೊದಲು, ಬಾಗಿಲು ತಟ್ಟಿದ್ದು ಆಮೇಲೆ.

ನಡುವೆ ಎಲ್ಲವೂ ಸರಾಗವಾಗಿತ್ತೆಂದಲ್ಲ. 1975ರ ಬೇಸಗೆಯಲ್ಲಿ ದೇಶ ಅಂತರ್ಯುದ್ಧದ ಅಂಚಿಗೆ ಹೋಗಿತ್ತು. ಸೇನೆಯೇ ಒಡೆದು ಬಣಗಳಾಗಿತ್ತು. ಆ ಜುಲೈನಲ್ಲಿ ಯುರೋಪಿಯನ್ ಸಮುದಾಯದ ನಾಯಕರು, ಬಹುಪಕ್ಷ ಪ್ರಜಾಪ್ರಭುತ್ವವಾದರೆ ಮಾತ್ರ ನೆರವು ಎಂದು ಖಡಾಖಂಡಿತವಾಗಿ ಹೇಳಿದರು. ಅಕ್ಟೋಬರಿನಲ್ಲಿ ತುರ್ತು ಸಾಲವನ್ನೂ ಕೊಟ್ಟರು. ಒಕ್ಕೂಟದ ಪಾತ್ರ ನಿಜಕ್ಕೂ ಮಹತ್ವದ್ದಾದದ್ದು ಇಲ್ಲಿ. ಸಾಮ್ರಾಜ್ಯವನ್ನು ಅದು ಕೆಡವಲಿಲ್ಲ. ಕೆಡವಿದ ಮೇಲೆ ಉಳಿದ ದೇಶ ಮತ್ತೊಬ್ಬ ಸರ್ವಾಧಿಕಾರಿಯ ಕೈಗೆ ಜಾರದಂತೆ ಒಂದು ದಿಕ್ಕು ತೋರಿಸಿತು. ಅರ್ಜಿ ಹಾಕಿದ ಮೇಲೂ ಎಂಟು ವರ್ಷ ಕಾಯಿಸಿತು. ಮೀನು, ಬಟ್ಟೆ, ದ್ರಾಕ್ಷಾರಸಗಳ ಚೌಕಾಸಿ ಒಂದು ಕಡೆ. ಇನ್ನೊಂದು ಕಡೆ, ಕ್ರಾಂತಿ ಮಾಡಿದ ಸೇನಾಧಿಕಾರಿಗಳ ಮಂಡಳಿ ಚುನಾಯಿತ ಸರ್ಕಾರದ ತಲೆಯ ಮೇಲೆ ಕೂತಿತ್ತು. 1982ರ ತಿದ್ದುಪಡಿ ಅದನ್ನು ಕೆಳಗಿಳಿಸಿತು. ಬಿಡುಗಡೆ ತಂದವರೂ ಬಂದೂಕು ಹಿಡಿದು ಶಾಶ್ವತವಾಗಿ ಕಾವಲು ಕೂರುವಂತಿಲ್ಲ ಎಂಬುದು ಈ ಪಾಠದ ಎರಡನೇ ಭಾಗ.

ಹೊಸದಿಲ್ಲಿಯ ಒಪ್ಪಂದಕ್ಕೆ ವಿದೇಶಾಂಗ ಮಂತ್ರಿಯಾಗಿ ಸಹಿ ಹಾಕಿದವನು ಮಾರಿಯೊ ಸೋರೆಸ್. ಸಲಾಜಾರನ ಕಾಲದಲ್ಲಿ ಜೈಲು, ಗಡೀಪಾರು ಎರಡನ್ನೂ ಕಂಡಿದ್ದ ವಕೀಲ. 1977ರಲ್ಲಿ ಅರ್ಜಿ ಹಾಕಿದಾಗಲೂ, 1985ರಲ್ಲಿ ಜೆರೋನಿಮೊಸ್ ಮಠದಲ್ಲೂ ಪ್ರಧಾನಿಯಾಗಿದ್ದವನು ಅವನೇ. ಗೋವಾವನ್ನು ಬಿಟ್ಟುಕೊಟ್ಟ ಸಹಿಯೂ ಯುರೋಪನ್ನು ಸೇರಿದ ಸಹಿಯೂ ಒಂದೇ ಕೈಯದ್ದು. ಮೊದಲನೆಯದಿಲ್ಲದೆ ಎರಡನೆಯದು ಇರುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಆದರೆ ಆ ಮಠದ ಮೇಜಿನ ಸುತ್ತ ಕೂತವರೆಲ್ಲ ಯುರೋಪಿಯನ್ನರು. ಬಿಸಾವ್, ಲುವಾಂಡಾ, ಪಣಜಿಗಳ ಸಹಿ ಅಲ್ಲಿರಲಿಲ್ಲ. ಅದೇ ದಿನ ಅಂಗೋಲಾ ಮತ್ತು ಮೊಜಾಂಬಿಕ್‌ಗಳಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಮೊದಲನೆಯದು ನಿಂತದ್ದು 2002ರಲ್ಲಿ. 1975ರಲ್ಲಿ ಪೋರ್ಚುಗೀಸರು ಅರ್ಧಕ್ಕೇ ಬಿಟ್ಟುಬಂದಿದ್ದ ಪೂರ್ವ ಟಿಮೋರ್ ಇಂಡೊನೇಷ್ಯಾದ ಸೇನೆಯ ಕೆಳಗೆ ನಲುಗುತ್ತಿತ್ತು. ಆಫ್ರಿಕಾದಿಂದ ಕೈಗೆ ಸಿಕ್ಕಿದ್ದನ್ನು ಪೆಟ್ಟಿಗೆಗೆ ತುಂಬಿಕೊಂಡು ಲಿಸ್ಬನ್ ಬಂದರಿಗೆ ಬಂದಿಳಿದಿದ್ದ ಸುಮಾರು ಐದು ಲಕ್ಷ ಪೋರ್ಚುಗೀಸರ ಸಂಕಟವೂ ಇತ್ತು. ಒಕ್ಕೂಟ ತನ್ನ ಹೊಸ ಸದಸ್ಯನಿಗೆ ಮೀನಿನ ಲೆಕ್ಕ ಕೇಳಿತು. ಐದು ಶತಮಾನಗಳ ಲೆಕ್ಕ ಕೇಳಲಿಲ್ಲ. ಕೇಳಿದ್ದರೆ ತನ್ನ ಲೆಕ್ಕವನ್ನೂ ತೆಗೆದಿಡಬೇಕಾಗುತ್ತಿತ್ತು.

ಆ ಲೆಕ್ಕದ ಒಂದು ಸಣ್ಣ ಎಳೆ ಇಂದಿಗೂ ಗೋವಾದಲ್ಲಿ ಜೀವಂತವಾಗಿದೆ. 1961ರ ಡಿಸೆಂಬರ್ 19ಕ್ಕೆ ಮೊದಲು ಅಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಪೋರ್ಚುಗೀಸ್ ಪೌರತ್ವ ಕೇಳಬಹುದು. ಸಿಕ್ಕರೆ ಯುರೋಪಿಯನ್ ಒಕ್ಕೂಟದ ಯಾವ ದೇಶದಲ್ಲಾದರೂ ಕೆಲಸ ಮಾಡಬಹುದು. ಬದಲಿಗೆ ಭಾರತದ ಪೌರತ್ವ ಹೋಗುತ್ತದೆ. ಗೋವಾದ ಎಷ್ಟೋ ಮನೆಗಳಲ್ಲಿ ಅಜ್ಜನ ಜನನ ದಾಖಲೆ ಹುಡುಕುವ ಕೆಲಸ ನಡೆದಿದೆ. ಗೆಲ್ಲಲ್ಪಟ್ಟವರ ಮೊಮ್ಮಕ್ಕಳು ಗೆದ್ದವರ ಕಾಗದ ಹಿಡಿದು ಅದೇ ಒಕ್ಕೂಟದ ಬಾಗಿಲು ದಾಟುತ್ತಿದ್ದಾರೆ. ಇದನ್ನು ನ್ಯಾಯ ಎನ್ನಬೇಕೋ ವ್ಯಂಗ್ಯ ಎನ್ನಬೇಕೋ ಎಂದು ತೀರ್ಮಾನಿಸುವ ಹಕ್ಕು ಅವರದೇ.

ಈಗ ಮತ್ತೆ ನಕ್ಷತ್ರಗಳ ಪ್ರಶ್ನೆಗೆ. ಗೆದ್ದು ಆಳುವ ಸಾಮ್ರಾಜ್ಯ ಪ್ರಜಾಪ್ರಭುತ್ವದ ಒಕ್ಕೂಟಕ್ಕೆ ಸೇರುವುದು ಹೇಗೆ? ಪೋರ್ಚುಗಲ್ ನೋಡಿದರೆ, ಸಾಮ್ರಾಜ್ಯ ಸೇರುವುದೇ ಇಲ್ಲ. ಅದು ಕಳಚಿಬಿದ್ದ ಮೇಲೆ ಉಳಿಯುವ ಒಂದು ಸಣ್ಣ ದೇಶ, ತಾನು ಸಣ್ಣದು ಎಂದು ಒಪ್ಪಿಕೊಂಡು ಸೇರುತ್ತದೆ. ಕಳಚುವ ಕೆಲಸವನ್ನು ಶುರುಮಾಡುವವರು ಮಹಾರಾಣಿಯೂ ಅಲ್ಲ, ಒಕ್ಕೂಟದ ರಾಯಭಾರಿಯೂ ಅಲ್ಲ. ದೂರದ ಗ್ರಹವೊಂದರ ಕಾಡಿನಲ್ಲಿ ಬೇಡ ಎಂದವರು. ನಮ್ಮಲ್ಲಿ ವಿಜ್ಞಾನ ಕಥೆ ಬರೆಯುವ ಹೊಸಬರು ಈಚೆಗೆ ಹೆಚ್ಚುತ್ತಿದ್ದಾರೆ. ಅವರಲ್ಲಿ ಯಾರಾದರೂ ಈ ಕಥೆ ಎತ್ತಿಕೊಂಡರೆ, ಸಹಿ ಬೀಳುವ ಸಭಾಂಗಣದ ಅಧ್ಯಾಯದ ಜೊತೆಗೆ ಆ ಗ್ರಹದವರ ಅಧ್ಯಾಯವನ್ನೂ ಬರೆಯಲಿ. ಸಹಿಯ ಸುದ್ದಿ ಅವರಿಗೆ ತಲುಪಿದ ದಿನ ಅವರು ಏನು ಮಾಡುತ್ತಿದ್ದರು ಎಂಬುದನ್ನು ಓದಲು ನನಗೆ ಆಸೆಯಿದೆ.